ಬೆಟ್ಟದ ಬುಡದಲ್ಲಿ ನಿಂತ ಹಾಡಿನ ಡಬ್ಬಿ

ಕೆಟ್ಟು ನಿಂತ ಯಂತ್ರ ಕಂಡರೆ ಸುಮ್ಮನಿರಲಾಗದ ಚಾಳಿ ನನಗಿದೆ. ರಿಪೇರಿ ಬರುವುದಿಲ್ಲ, ರೀಸೆಟ್ ಬರುತ್ತದೆ. ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ಆರಿಸಿ ಹಚ್ಚಿ ತಕ್ಕಮಟ್ಟಿಗೆ ಹೆಸರನ್ನೂ ಮಾಡಿದ್ದೇನೆ. ಆ ಹೆಸರು ಮಣ್ಣುಪಾಲಾದದ್ದು ತೆರಕಣಾಂಬಿಯ ನಮ್ಮ ಮನೆಯಲ್ಲೇ, ಅತ್ತೆಯ ಹಾಡಿನ ಡಬ್ಬಿಯ ಮುಂದೆ.

ಅಂಗೈಯಗಲದ ಡಬ್ಬಿ. ಗುಂಡ್ಲುಪೇಟೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ನಮ್ಮ ಕಡೆಯ ಬೆಟ್ಟದ ದೇವರು ಮಾದಪ್ಪನ ಕಥೆ ತುಂಬಿಸಿ ನಮ್ಮ ಯಜಮಾನರು ತಂದುಕೊಟ್ಟಿದ್ದರು. ಸೋಮವಾರ ಸಂಜೆ ದೀಪ ಹಚ್ಚಿ ಅತ್ತೆ ಅದನ್ನು ಹಾಕುತ್ತಾರೆ. ಒಮ್ಮೆ ಕಥೆಗೆ ಕುಳಿತರೆ ಮಂಗಳ ಹಾಡುವವರೆಗೆ ಏಳಬಾರದು, ಉಣ್ಣಬಾರದು. ಅವರ ತವರು ಹಂಗಳದಲ್ಲಿ ಕಂಸಾಳೆಯವರು ಜಗಲಿಯ ಮೇಲೆ ಕುಳಿತು ಹಾಡುವಾಗ ಇದ್ದ ಕಟ್ಟಳೆ ಇದು. ಡಬ್ಬಿ ಬಂದ ಮೇಲೂ ಅದರಲ್ಲಿ ರಿಯಾಯಿತಿ ಇಲ್ಲ.

ಒಂದು ಸೋಮವಾರ ಮಾದಪ್ಪ ಬೆಟ್ಟ ಹತ್ತಲು ಹೊರಟಾಗ ಡಬ್ಬಿ ಗೊರಗೊರ ಎಂದು ನಿಂತಿತು. ನಾನು ಸೆರಗಿನ ಪಿನ್ನು ಬಿಚ್ಚಿ, ಹಿಂಬದಿಯ ತೂತಿಗೆ ಚುಚ್ಚಿ ರೀಸೆಟ್ ಮಾಡಿದೆ. ಜೀವ ಬಂತು. ಕಥೆ ಮೊದಲಿನಿಂದ ಶುರುವಾಗಿ, ಅದೇ ಬೆಟ್ಟದ ಬುಡದಲ್ಲಿ ಮತ್ತೆ ನಿಂತಿತು. ಮತ್ತೆ ಚುಚ್ಚಿದೆ. ಮತ್ತೆ ಅದೇ ಬುಡ. ಪುನರ್ಜನ್ಮದ ಬಗ್ಗೆ ತಿಳಿದವರು ಹೇಳುವುದು ಇದನ್ನೇ ಇರಬೇಕು. ನೆನಪೆಲ್ಲ ಅಳಿಸಿಹೋದರೂ ವಾಸನೆ ಅಂಟಿಕೊಂಡೇ ಬರುತ್ತದಂತೆ. ಪ್ರತಿ ಯುಗಾದಿಗೆ ಹೊಸಬಳಾಗಲು ಹೊರಟು, ಹಳೆಯ ಜಾಗದಲ್ಲೇ ಕೆಟ್ಟು ನಿಲ್ಲುವ ನಾನು ಡಬ್ಬಿಯನ್ನು ಬೈಯುವ ಹಾಗೂ ಇರಲಿಲ್ಲ.

ಆದರೆ ತತ್ವ ಹೇಳಿಕೊಂಡು ಕೂರುವ ಹೊತ್ತು ಅದಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ಆಗಲೇ ಕೊಟ್ಟಿದ್ದೆ, ಊಟ ತಡವಾದರೆ ಸಕ್ಕರೆ ತೀರ ಇಳಿದುಬಿಡುತ್ತದೆ. ಅವರ ಹಣೆ ಬೆವರಿದ್ದು ಕಂಡು ನನಗೆ ಹೆದರಿಕೆಯಾಯಿತು.

"ಎರಡು ತುತ್ತು ಉಂಡ್ಬಿಡಿ ಅತ್ತೆ. ಡಬ್ಬಿ ಕೆಟ್ರೆ ಮಾದಪ್ಪ ಏನೂ ಅಂದ್ಕೊಳಲ್ಲ" ಎಂದೆ.

"ಒಂದ್ ಕಥೆ ನಿಂತಿದ್ರೆ ಅಡ್ಡಬಿದ್ದು ತಪ್ಪಾಯ್ತು ಅನ್ಬೋದಾಗಿತ್ತು ಕಣಮ್ಮಿ. ನೀನು ಚುಚ್ಚಿ ಚುಚ್ಚಿ ಎಷ್ಟ್ ಕಥೆ ಅರ್ಧಕ್ಕೆ ನಿಲ್ಸ್‌ಬುಟ್ಟೆ ನೋಡು" ಎಂದು ಅತ್ತೆ ಕಣ್ಣು ಮುಚ್ಚಿದರು.

ಸಕ್ಕರೆ ತರಲೆಂದು ನಾನು ಅಡುಗೆಮನೆಗೆ ಓಡಿದೆ. ತರುವಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ ಕೇಳಿತು. ಅತ್ತೆ ಹಾಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರ ಬೈಗುಳ ಸಾಕಷ್ಟು ಕೇಳಿದ್ದೆ, ಹಾಡು ಕೇಳಿರಲೇ ಇಲ್ಲ. ಡಬ್ಬಿ ನಿಂತ ಬುಡದಿಂದಲೇ ಹಿಡಿದು, ಮರೆತ ಕಡೆ ತಮ್ಮ ಮಾತು ಸೇರಿಸಿಕೊಂಡು, ಹಸಿವಾದದ್ದಕ್ಕೋ ಏನೋ ಮಾದಪ್ಪನನ್ನು ದಡಬಡನೆ ಬೆಟ್ಟ ಹತ್ತಿಸಿ, ಮುದ್ದೆ ಆರುವ ಮೊದಲೇ ಮಂಗಳ ಹಾಡಿಬಿಟ್ಟರು. ಅವರು ಉಣ್ಣುವುದನ್ನು ನೋಡುತ್ತ ನನ್ನ ಕಣ್ಣು ತುಂಬಿ ಬಂತು.

ದೋಷ ಇದ್ದದ್ದು ಕಾರ್ಡಿನಲ್ಲಿ. ಹೊಸದು ತಂದು ಹಾಕಿದೆ. ಮುಂದಿನ ಸೋಮವಾರ ಮಾದಪ್ಪ ಎಲ್ಲೂ ತಡವರಿಸದೆ ಬೆಟ್ಟದ ಬುಡ ತಲುಪಿದ. ನಾನು ಶಹಬ್ಬಾಸ್‌ಗಿರಿಗೆ ಕಾದು ಕುಳಿತೆ. ಅತ್ತೆ ಕೈ ಚಾಚಿ ಡಬ್ಬಿ ಆರಿಸಿದರು.

"ಇನ್ ಮುಂದಕ್ಕೆ ನಂದು ಕಣಮ್ಮಿ" ಎಂದರು.

ಇಡೀ ಪ್ರಕರಣದಲ್ಲಿ ನಾನು ನಿಜಕ್ಕೂ ಸರಿಮಾಡಿದ್ದು ಒಂದೇ. ಅದನ್ನು ಆಗ ಅವರಿಗೆ ತಿಳಿಸಿದೆ.

"ನಿಧಾನಕ್ಕೆ ಹತ್ತಿಸಿ ಅತ್ತೆ. ಮಾತ್ರೆ ಇನ್ನೂ ಕೊಟ್ಟಿಲ್ಲ, ಮಂಗಳ ಆದ್ಮೇಲೇ ಕೊಡ್ತೀನಿ."