ಭಾನುವಾರದ ಕೈಹೊಲಿಗೆ

ಟೈಲರಕ್ಕನ ಅಂಗಡಿಯೊಳಗಿಂದಲೇ ಮಹಡಿಗೆ ಮೆಟ್ಟಿಲು. ಮೇಲಿನ ಹಾಲನ್ನು ನಾಲ್ಕು ವರ್ಷದ ಹಿಂದೆ ಬಾಡಿಗೆಗೆ ಹಿಡಿದವನು ಸಮುದ್ರದಾಚೆಯ ದೇಶದಿಂದ ಹೊಸ ಸಭೆ ಕಟ್ಟಲು ಬಂದ ಪಾದ್ರಿ. ತಲೆ ಬಗ್ಗಿಸದೆ ಯಾವ ಬಾಗಿಲನ್ನೂ ದಾಟಲಾರದ ಆಳು. ಅಕ್ಕನ ತಂಗಿ ಮೊದಲ ದಿನವೇ ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟಳು, ಬೀದಿಗೆ ಬೀದಿಯೇ ಅದನ್ನು ಹಿಡಿದುಕೊಂಡಿತು. ಅವನೂ ಅದಕ್ಕೇ ಓಗೊಡತೊಡಗಿದ, ಸಾಧು ಮನುಷ್ಯ.

ಹಾಲಿನ ನೆಲವೆಂದರೆ ಬರೀ ಮರದ ಹಲಗೆ. ಮೇಲೆ ಯಾರಾದರೂ ಕುರ್ಚಿ ಎಳೆದರೆ ಕೆಳಗೆ ಅಕ್ಕನ ಬಟ್ಟೆಯ ಮೇಲೆ ಧೂಳು. ಕೆಳಗೆ ಅಕ್ಕ ಮೆಷಿನ್ ತುಳಿದರೆ ಮೇಲೆ ಮಾತೇ ಕೇಳಿಸದು. ಮೊದಲ ಭಾನುವಾರ ಉದ್ದಣ್ಣ ಹೊಸದಾಗಿ ಕಲಿತ ನಮ್ಮ ಭಾಷೆಯಲ್ಲಿ ತಡವರಿಸುತ್ತ ಪ್ರಾರ್ಥನೆ ಮಾಡುತ್ತಿದ್ದಾಗ ಕೆಳಗೆ ಒಂದೇ ಸಮ ಕಟಕಟ. ಅವನು ಹಾಗೇ ಪ್ರಾರ್ಥನೆ ಮುಂದುವರಿಸಿದ. ಆದರೆ ಅಕ್ಕನಿಗೇ ನಾಚಿಕೆಯಾಯಿತು. ಮುಂದಿನ ವಾರದಿಂದ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಬರೀ ಕೈಹೊಲಿಗೆ ಎಂದು ಗೊತ್ತುಮಾಡಿಕೊಂಡಳು: ಗುಂಡಿ, ಹುಕ್ಕು, ಅಂಚು ಮಡಿಸುವುದು. ಪಕ್ಕದವರು ಮಾತಾಡುವಾಗ ಗದ್ದಲ ಮಾಡಬಾರದು, ಅಷ್ಟೇ ಅವಳ ಲೆಕ್ಕ.

ಕೈಹೊಲಿಗೆಯ ತೊಂದರೆ ಎಂದರೆ ಕಿವಿಗೆ ಕೆಲಸವಿರುವುದಿಲ್ಲ. ಹಾಗಾಗಿ ಮೂರು ವರ್ಷ ಉದ್ದಣ್ಣ ಮಾಡಿದ ಉಪದೇಶವೆಲ್ಲ ಹಲಗೆಯ ಸಂದಿಯಿಂದ ಇಳಿದು ಅವಳ ತಲೆಯಲ್ಲಿ ಕೂತಿತು. ಅದೂ ಬಟ್ಟೆಯ ಗುರುತಿನಿಂದ. ಕಳೆದುಹೋದ ಕುರಿಯ ಕಥೆಯೆಂದರೆ ಶಾಲೆಯ ಹೆಡ್‌ಮಾಸ್ತರರ ಪ್ಯಾಂಟು, ಐದೇ ರೊಟ್ಟಿಯಲ್ಲಿ ಸಂತೆಯಷ್ಟು ಜನಕ್ಕೆ ಊಟ ಹಾಕಿದ ಕಥೆಯೆಂದರೆ ಯಾರೋ ಮದುಮಗಳ ರವಿಕೆ. ಮೇಲೆ ಮಾತ್ರ ಅವಳು ಒಂದು ದಿನವೂ ಹತ್ತಿ ಕೂತವಳಲ್ಲ.

ಆಮೇಲೆ ಉದ್ದಣ್ಣನ ವೀಸಾ ಮುಗಿಯಿತು. "ಎರಡೇ ತಿಂಗಳು, ಅಕ್ಕ. ಭಾನುವಾರ ಬಾಗಿಲು ತೆಗೆದುಕೊಡಿ ಸಾಕು" ಎಂದು ಬೀಗದ ಕೈ ಕೊಟ್ಟು ಹೊರಟ.

ಆ ಭಾನುವಾರ ಸಭೆಯ ಹನ್ನೊಂದು ಜನ ಬಂದರು, ಹಾಡಿದರು, ಮುಂದೇನು ಎಂದು ತಿಳಿಯದೆ ಮುಖಮುಖ ನೋಡಿಕೊಂಡು ಕೂತರು. ಕೊನೆಗೆ ಅವರಲ್ಲೊಬ್ಬ, ಕಟಿಂಗ್ ಶಾಪಿನವನು, ಮೆಟ್ಟಿಲಿಂದ ತಲೆ ಹಾಕಿದ. "ಅಕ್ಕಾ, ಕೆಳಗೂ ಎಲ್ಲಾ ಕೇಳಿಸ್ತಿತ್ತಲ್ಲ, ಉದ್ದಣ್ಣ ಹೇಳಿದ ಕಥೇಲಿ ಗಾಳಿ ಎದ್ದಾಗ ಗುರು ದೋಣೀಲಿ ಮಲಗಿದ್ರಲ್ಲ, ಆಮೇಲೇನಾಯ್ತು? ನಾನು ಅಷ್ಟೊತ್ತಿಗೆ ತೂಕಡಿಸಿಬಿಟ್ಟಿದ್ದೆ."

"ಅದಾ? ಅವತ್ತು ಪೋಸ್ಟ್‌ಮ್ಯಾನ್ ಕೋಟಿಗೆ ಗುಂಡಿ ಹಾಕ್ತಿದ್ದೆ" ಎಂದು ಅಕ್ಕ ಸೂಜಿ ಹಿಡಿದೇ ಮೇಲೆ ಹೋದಳು, ನಿಂತೇ ಪೂರ್ತಿ ಹೇಳಿದಳು. ಮರುವಾರ ಇನ್ನೊಂದು ಕೇಳಿದರು. ಉದ್ದಣ್ಣನಿಗೆ ವೀಸಾ ಸಿಗದೆ ಎರಡು ತಿಂಗಳು ಎಂದದ್ದು ಎಂಟಾಯಿತು.

ತಂಗಿ ಬಿಡುವವಳೇ? "ನಂಬಿಕೆ ಇದ್ರೆ ದೀಕ್ಷಾಸ್ನಾನ ತಗೊಂಡು ಅವರ ಸಭೆ ಸೇರ್ಕೋ. ಇಲ್ದಿದ್ರೆ ಬಾಯಿ ಮುಚ್ಕೊಂಡಿರು. ಇದೇನೇ ನಿಂದು, ಅಲ್ಲೂ ಇಲ್ಲ, ಇಲ್ಲೂ ಇಲ್ಲ?" ಅಕ್ಕನ ಬಾಯಲ್ಲಿ ಆಗ ನಾಲ್ಕು ಗುಂಡುಸೂಜಿ ಇದ್ದವು, ಬಚಾವಾದಳು. ಆದರೆ ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದು ಮತ್ತೆ ಬಿಚ್ಚಿದಳು. ನಂಬಿಕೆ ಇದೆಯೋ ಇಲ್ಲವೋ? ಎಷ್ಟು ತಡಕಿದರೂ ಒಂದೂ ಕೈಗೆ ಸಿಗಲಿಲ್ಲ. ಹಸಿವಾಗಿದೆಯೋ ಇಲ್ಲವೋ ಎಂದು ಗೊತ್ತಾಗುವ ಹಾಗೆ ಇದೂ ಗೊತ್ತಾಗಬೇಡವೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಉದ್ದಣ್ಣನ ಫೋನು. ಅವನನ್ನು ಕಳಿಸಿದ ಸಭೆಯ ಇಬ್ಬರು ಹಿರಿಯರು ಬರುತ್ತಾರೆ. ಇಲ್ಲಿಯವರೇ ಒಬ್ಬರು, ನಂಬಿಕೆಯುಳ್ಳವರು, ಸಭೆಯನ್ನು ನಡೆಸುವವರಿದ್ದರೆ ಹಾಲ್ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚುತ್ತಾರೆ.

ಹಿರಿಯರು ಬಂದು ಮಹಡಿಯ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿದರು. ಅವರ ಮಾತನ್ನು ನಮ್ಮ ಭಾಷೆಗೆ ದಾಟಿಸಲು ಉದ್ದಣ್ಣನ ಮುಖವಿದ್ದ ಫೋನನ್ನು ಅಕ್ಕ ತಂದ ನೂಲಿನ ಉಂಡೆಗೆ ಒರಗಿಸಿ ನಿಲ್ಲಿಸಿದರು. ಹಿರಿಯರಲ್ಲೊಬ್ಬಳು ಬೆಳ್ಳಿಕೂದಲಿನ ಹೆಂಗಸು, ಬಂದವಳೇ ಅಕ್ಕನ ಎರಡೂ ಕೈ ಹಿಡಿದು ಅತ್ತಳು. ಉದ್ದಣ್ಣ ಹೇಳಿದ: "ನಾನು ಊರಿಗೆ ಬರೆದಿದ್ದೆ ಅಕ್ಕ, ದೇವರ ದಿನ ಅಂತ ಮೆಷಿನ್ ನಿಲ್ಲಿಸೋ ಹೆಂಗಸೊಬ್ಬರು ಕೆಳಗಿದ್ದಾರೆ ಅಂತ. ಅಲ್ಲಿ ಎಲ್ಲರೂ ನಿಮಗಾಗಿ ಪ್ರಾರ್ಥನೆ ಮಾಡ್ತಾರೆ."

ಅಕ್ಕ ಕೈ ಬಿಡಿಸಿಕೊಂಡಳು. ಅಯ್ಯೋ, ಅದು ದೇವರಿಗಲ್ಲ, ನಿಮಗೆ ಅಡ್ಡಿಯಾಗಬಾರದೆಂದು! ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಹೆಂಗಸು ಕೇಳಿದಳು, ಉದ್ದಣ್ಣ ದಾಟಿಸಿದ: "ನೀವು ಯಾವತ್ತು ನಂಬಿದ್ರಿ?"

ಹನ್ನೊಂದು ಜನರೂ ಅವಳನ್ನೇ ನೋಡಿದರು. ಕಟಿಂಗ್ ಶಾಪಿನವನು ಹಿರಿಯರ ಬೆನ್ನ ಹಿಂದೆ ನಿಂತು, ಏನಾದ್ರೂ ಒಂದು ಹೇಳಕ್ಕಾ ಎಂದು ಕಣ್ಣಲ್ಲೇ ಗೋಗರೆಯುತ್ತಿದ್ದ. ಒಂದು ತಾರೀಖು ಹೇಳಿದ್ದರೆ ಸಾಕಿತ್ತು.

"ನಂಗೊತ್ತಿಲ್ಲ" ಎಂದಳು ಅಕ್ಕ. "ಮೆಷಿನ್ ನಿಲ್ಲಿಸಿದ್ದು ನಿಮ್ಮ ಮಾತಿಗೆ ಅಡ್ಡಿ ಆಗ್ಬಾರದು ಅಂತ. ಕೇಳಿಸ್ಕೊಂಡಿದ್ದೀನಿ, ಅದು ನಿಜ. ನಂಬಿದ್ದೀನಾ ಅಂದ್ರೆ, ಗೊತ್ತಿಲ್ಲ."

ಉದ್ದಣ್ಣ ಫೋನಿನ ಹತ್ತಿರಕ್ಕೆ ಬಾಗಿದ. "ಅಕ್ಕ, ಇದನ್ನೇ ಹೇಳ್ಲಾ?"

"ಇದ್ದದ್ದನ್ನೇ ಹೇಳಿ."

ಹೇಳಿದ. ಹಿರಿಯರು ಕೆಟ್ಟವರಲ್ಲ. ತಮ್ಮತಮ್ಮಲ್ಲೇ ಮಾತಾಡಿಕೊಂಡು, ಅಕ್ಕನ ಭುಜ ತಟ್ಟಿ, ಕಣ್ಣು ತಗ್ಗಿಸಿ ಬೀಗದ ಕೈ ಕೇಳಿದರು. ಸಂಜೆಯ ಹೊತ್ತಿಗೆ ಅದು ಕಟ್ಟಡದ ಯಜಮಾನನ ಕೈ ಸೇರಿತು. ಹನ್ನೊಂದು ಜನ ಮೆಟ್ಟಿಲಿಳಿದು ಹೋದರು. ತನ್ನ ಬಾಯಿಂದಲೇ ಹೀಗಾಯಿತಲ್ಲ ಎಂದು ಅಕ್ಕ ವಾರವಿಡೀ ಕೊರಗಿದಳು.

ಭಾನುವಾರ ತಂಗಿ ಬಟ್ಟೆಯ ರಾಶಿ ತಂದು ಮುಂದೆ ಹಾಕಿದಳು. "ಮೇಲೆ ಯಾರೂ ಇಲ್ವಲ್ಲ, ಇನ್ನೇನು? ತುಳಿ."

ಅಕ್ಕ ಹತ್ತು ಗಂಟೆಗೆ ಮೆಷಿನ್ನಿಗೆ ಕೂತಳು. ಬಟ್ಟೆ ಇಟ್ಟಳು, ಸೂಜಿ ಇಳಿಸಿದಳು, ಪೆಡಲಿನ ಮೇಲೆ ಕಾಲಿಟ್ಟಳು. ಕಾಲು ಆಡಲಿಲ್ಲ. ಈಗ ಯಾರಿಗೆ ಅಡ್ಡಿ? ಮೇಲೆ ಖಾಲಿ ಹಲಗೆ. ಇನ್ನೊಮ್ಮೆ ಒತ್ತಲು ನೋಡಿದಳು. ಆಗಲಿಲ್ಲ. ತನ್ನ ಕಾಲೇ ತನಗೆ ಅರ್ಥವಾಗದೆ ಅವಳಿಗೆ ಅಳು ಬಂದಂತಾಯಿತು. ಮೆಷಿನ್ನಿನ ಮುಚ್ಚಳ ಹಾಕಿ ಒಂದು ಲಂಗದ ಅಂಚು ಕೈಗೆತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು. ಕಟಿಂಗ್ ಶಾಪಿನವನು, ಅವನ ಹಿಂದೆ ಉಳಿದವರು.

"ಬೀದಿ ತಿರುವಲ್ಲಿ ನಿಂತು ಕಿವಿಗೊಟ್ವಿ ಅಕ್ಕ" ಎಂದ ಅವನು. "ಮೆಷಿನ್ ಸದ್ದು ಕೇಳಿದ್ರೆ ಮನೆಗೆ ವಾಪಸ್ ಹೋಗೋಣ ಅಂದ್ಕೊಂಡಿದ್ವಿ. ಕೇಳಿಸ್ಲಿಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೋಡ್ಕೊಂಡು ಕೂತ್ಕೊಳ್ಳಿ" ಎಂದಳು. "ನೆಲದ ಮೇಲೆ ಸೂಜಿ ಬಿದ್ದಿವೆ."