ಲಮೈ ಕೊಂಡ ಹಾಸಿಗೆ

ಲಮೈ ಹುಟ್ಟಿದ್ದು ರಬ್ಬರ್ ಶೀಟುಗಳ ರಾಶಿಯ ಮೇಲೆ. ಅವಳ ತಾಯಿಗೆ ಶೀಟು ಒಣಗಿಸುವ ಹೊಗೆಮನೆಯಲ್ಲೇ ಹೆರಿಗೆ ನೋವು ಕಾಣಿಸಿಕೊಂಡಿತು, ಹಾಸಲು ಬೇರೇನೂ ಸಿಗಲಿಲ್ಲ. ಆಮೇಲೆ ಐವತ್ತು ದಾಟುವವರೆಗೂ ಅವಳು ಮಲಗಿದ್ದೆಲ್ಲ ಅಂಥ ಕಡೆಯೇ. ಗೋಣಿಚೀಲ, ಹುಲ್ಲುಚಾಪೆ, ಗಂಟುಗಟ್ಟಿದ ಬೂರುಗದ ಹತ್ತಿಯ ಹಾಸಿಗೆ. ರಬ್ಬರ್ ಬೆಲೆ ನೆಲ ಕಚ್ಚಿದ ವರ್ಷ ನಾವು ತ್ರಂಗ್ ಸೀಮೆಯವರೆಲ್ಲ ಹೆದ್ದಾರಿಗೆ ಅಡ್ಡ ಕೂತಾಗ ಡಾಂಬರಿನ ಮೇಲೂ ಮಲಗಿದಳು. ಪೊಲೀಸರು ಎತ್ತಿಹಾಕಲು ಬಂದಾಗ ಉಳಿದವರು ಘೋಷಣೆ ಕೂಗಿದರು. ಅವಳು ಮಲಗಿದಲ್ಲಿಂದಲೇ, "ಎತ್ತೋದಾದ್ರೆ ಮೆಲ್ಲಗೆ ಎತ್ರಪ್ಪ, ಈಗಷ್ಟೇ ಕಣ್ಣು ಹತ್ತಿತ್ತು" ಎಂದಳು. ನಮ್ಮ ಮುಖಂಡರು ಮಾತುಕತೆಗೆ ಹೋಗಿ ಚೆನ್ನಾಗಿ ಉಂಡು ಬಂದರು. ನಮಗೆ ಬೆನ್ನುನೋವು ಉಳಿಯಿತು.

ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ, ಒಳ್ಳೆಯ ನಿದ್ದೆ. ಊರು ಮಲಗಿದಾಗ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರ ಕೆತ್ತಲು ಹೊರಡುವವರು ನಾವು. ಮರಕ್ಕೆ ಕಟ್ಟಿದ ಚಿಪ್ಪುಗಳ ಹಾಲು ಬಸಿದು, ಶೀಟು ಒತ್ತಿ, ಮನೆಗೆ ಬಂದು ಅಡ್ಡಾಗುವ ಹೊತ್ತಿಗೆ ತಗಡಿನ ಸೂರು ಕಾದಿರುತ್ತದೆ. ಆ ಹೊತ್ತಿನಲ್ಲಿ ನಿದ್ದೆ ಮಾಡುವುದೆಂದರೆ ದಿನವೂ ಒಂದು ಜಗಳ. ಲಮೈಗೆ ಆ ಜಗಳದಲ್ಲಿ ಇನ್ನೂ ಒಬ್ಬ ಎದುರಾಳಿ ಇದ್ದ, ಗಂಡ ಕ್ಲಿಯಂಗನ ಪಿಕಳಾರ ಹಕ್ಕಿ. ಸುತ್ತಲ ಪಂದ್ಯಗಳಲ್ಲೆಲ್ಲ ಹಾಡಿ ಗೆದ್ದ ಹಕ್ಕಿ. ಕ್ಲಿಯಂಗ್ ಅದರ ಪಂಜರಕ್ಕೆ ಬಿಸಿಲು ಬಿದ್ದರೆ ಬಟ್ಟೆ ಕಟ್ಟುತ್ತಿದ್ದ, ಬಾಳೆಹಣ್ಣಿನ ಮೆತ್ತಗಿನ ತುದಿಯನ್ನು ಅದಕ್ಕೇ ಮೀಸಲಿಡುತ್ತಿದ್ದ. ಹೆಂಡತಿಯ ಹೆಸರು ಕರೆಯದವನು ಹಕ್ಕಿಗೆ ಮೂರು ಹೆಸರಿಟ್ಟಿದ್ದ. ಸರಿಯಾಗಿ ಲಮೈ ತಲೆ ಇಡುವ ಹೊತ್ತಿಗೆ ಅದು ಹಾಡು ಶುರುಮಾಡುತ್ತಿತ್ತು.

ಹಾಟ್ ಯಾಯ್ ಪೇಟೆಗೆ ಹೋಗುವ ರಸ್ತೆಯಲ್ಲಿ ಲ್ಯಾಟೆಕ್ಸ್ ಹಾಸಿಗೆಯ ಅಂಗಡಿಯೊಂದು ಎದ್ದಿತು. ಚೀನಾದ ಪ್ರವಾಸಿಗರನ್ನು ಬಸ್ಸುಗಟ್ಟಲೆ ಅಲ್ಲಿಗೆ ತಂದು ಸುರಿಯುತ್ತಿದ್ದರು. ನಾವು ಕಾಸಿಗೆ ಕೊಟ್ಟ ಹಾಲು ಅಲ್ಲಿ ಒಂದು ಗೇಣು ದಪ್ಪದ ಬಿಳಿ ಹಾಸಿಗೆಯಾಗಿ ಬಿದ್ದುಕೊಂಡಿತ್ತು, ನಾವು ಮುಟ್ಟಲಾರದ ಬೆಲೆಗೆ. ಲಮೈ ಒಂದು ಬೆಳಿಗ್ಗೆ ಕೆತ್ತುವ ಕೆಲಸ ಮುಗಿಸಿ, ಹಾಲಿನ ಹುಳಿನಾತದ ಅಂಗಿಯಲ್ಲೇ ಪಕ್ಕದ ಮನೆಯ ನನ್ನನ್ನೂ ಎಳೆದುಕೊಂಡು ಹೋದಳು. ಗೋಡೆಯ ಮೇಲೊಂದು ದೊಡ್ಡ ಚಿತ್ರ. ತುಟಿಗೆ ಬಣ್ಣ ಹಚ್ಚಿದ ಹುಡುಗಿ ನಗುತ್ತ ರಬ್ಬರ್ ಮರ ಕೆತ್ತುತ್ತಿದ್ದಳು. "ಇವಳು ಮರ ಕೆತ್ತೋಕೆ ಹೊರಟಿದಾಳೋ, ಮರಾನ ಮದುವೆಯಾಗೋಕೋ?" ಎಂದಳು ಲಮೈ.

ಅಂಗಡಿಯ ಹುಡುಗಿ ಮೂಗಿಗೆ ಕೈ ಅಡ್ಡ ಹಿಡಿದೇ ಒಂದೊಂದನ್ನೂ ತೋರಿಸಿದಳು. ಮೊದಲನೆಯದು ತೀರಾ ಮೆತ್ತಗಿತ್ತು. ಅದರಲ್ಲಿ ಮಲಗಿದರೆ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ, ಎದ್ದೇಳಲು ನಾಲ್ಕು ಜನ ಬೇಕು ಎಂದು ಲಮೈ ಬಿಟ್ಟಳು. ಎರಡನೆಯದು ತೆಳ್ಳಗೆ, ಮಂಚದ ಹಲಗೆ ಸೊಂಟಕ್ಕೆ ಒತ್ತಿತು. ಮೂರನೆಯದು ದಪ್ಪ, ಬಿಗಿ, ಮೈತುಂಬ ಸಣ್ಣ ತೂತು. ಅದರ ಮೇಲೆ ಮಗ್ಗುಲಾದವಳು ಮಾತನಾಡುತ್ತ ಮಾತನಾಡುತ್ತ ನಿದ್ದೆ ಹೋದಳು. ಗೊರಕೆ ಶುರುವಾಯಿತು. ಮ್ಯಾನೇಜರ್ ಎಬ್ಬಿಸಲು ಓಡಿಬಂದ. ಅಷ್ಟರಲ್ಲಿ ಪ್ರವಾಸಿಗರ ಒಂದು ಹಿಂಡು ಒಳಗೆ ಬಂತು, ಅವರ ಗೈಡ್ ಅವಳನ್ನೇ ತೋರಿಸಿ ಏನೋ ಹೇಳಿದ. ಅವರು ಸುತ್ತ ನಿಂತು ಫೋಟೊ ತೆಗೆದರು, ಅವಳ ಪಕ್ಕದ ಜಾಗವನ್ನು ಒತ್ತಿ ನೋಡಿದರು, ಒಬ್ಬ ಅವಳ ಬಿರಿದ ಅಂಗಾಲಿನ ಫೋಟೊ ಕೂಡ ತೆಗೆದ. ಆ ಬೆಳಿಗ್ಗೆ ವ್ಯಾಪಾರ ಜೋರಾಯಿತು. ಎಚ್ಚರವಾದ ಲಮೈಗೆ ನಾನು ಎಲ್ಲ ಹೇಳಿದೆ. ಅವಳು ನೇರ ಮ್ಯಾನೇಜರನ ಮೇಜಿನೆದುರು ಹೋಗಿ ನೆಲದ ಮೇಲೆ ಕೂತಳು. ಹೆದ್ದಾರಿಯಲ್ಲಿ ಕಲಿತ ಕೂರುವಿಕೆ ಅದು. ಇನ್ನೊಂದು ಬಸ್ಸು ಬರುವ ಮೊದಲು ಬೆಲೆ ಇಳಿಯಿತು.

ಬಿಸಿಲಿಗೆ ಮಾತ್ರ ಹಾಕಬೇಡಿ ದೊಡ್ಡಮ್ಮ, ಪುಡಿಪುಡಿಯಾಗುತ್ತದೆ ಎಂದು ಹುಡುಗಿ ಎಚ್ಚರಿಸಿದಳು. ನಾವೂ ಬಿಸಿಲಿಗೆ ಬಿದ್ದೇ ಹೀಗಾದದ್ದು ಎಂದಳು ಲಮೈ.

ಇಳಿದ ಬೆಲೆಗೂ ಅವಳ ಕೈಯಲ್ಲಿದ್ದದ್ದು ಸಾಲಲಿಲ್ಲ. ಕ್ಲಿಯಂಗ್ ಪೇಟೆಗೆ ಹೋಗಿದ್ದ ಹೊತ್ತು ನೋಡಿ ಪಿಕಳಾರವನ್ನು ಪಂಜರಸಮೇತ ಮಾರಿದಳು. ಅವನು ಬಂದಾಗ ಪಂಜರ ತೂಗುತ್ತಿದ್ದ ಕೊಕ್ಕೆ ಖಾಲಿ, ಮಂಚ ತುಂಬಿತ್ತು. "ನಿನ್ನ ಹಕ್ಕಿಯ ಮೇಲೇ ಮಲಗು ಬಾ" ಎಂದು ಕರೆದಳು. ಅವನು ಅಂಗಳದಲ್ಲಿ ನಿಂತು, ಹಕ್ಕಿಗೆಂದು ತಂದ ಬಾಳೆಹಣ್ಣನ್ನು ತಾನೇ ತಿಂದ. ಆಮೇಲೆ ಬಂದು ಮಲಗಿದ. ನಿದ್ದೆಯೂ ಬಂತು, ಅದೇ ಅವನಿಗೆ ದೊಡ್ಡ ಅವಮಾನವಾಯಿತು.

ಎರಡು ಮಳೆಗಾಲ ಅವಳು ರಾಣಿಯ ಹಾಗೆ ಮಲಗಿದಳು. ಗಂಡ ಹೊರಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅದೇ ಈ ಹಾಸಿಗೆಯ ದೊಡ್ಡ ಗುಣ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಯಾರನ್ನೂ ಅದರ ಮೇಲೆ ಕೂರಗೊಡಲಿಲ್ಲ. ಪೇಟೆಯಿಂದ ಬಂದ ಮಗಳು ದಾವ್ ಕೂಸನ್ನು ಅದರ ಮೇಲೆ ಮಲಗಿಸಿದಾಗ ಎತ್ತಿ ಚಾಪೆಗೆ ಹಾಕಿದಳು. ಉಚ್ಚೆ ಹೊಯ್ಯುವವರಿಗೆಲ್ಲ ನೆಲವೇ ಸರಿ ಎಂದಳು.

ಮೂರನೆಯ ಮಳೆಗಾಲದಲ್ಲಿ ಮರ ಕೆತ್ತುತ್ತಿದ್ದ ಕ್ಲಿಯಂಗನ ಪಾದಕ್ಕೆ ತರಗೆಲೆಯೊಳಗಿದ್ದ ಗುಳಿಮಂಡಲ ಹಾವು ಕಚ್ಚಿತು. ಮೊದಲು ನಾಟಿವೈದ್ಯನ ಸೊಪ್ಪು ಕಟ್ಟಿ ಹೊತ್ತು ಕಳೆದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಒಸಡಿನಿಂದ ರಕ್ತ ಸೋರುತ್ತಿತ್ತು, ನಿಲ್ಲುತ್ತಿರಲಿಲ್ಲ. ಔಷಧಿ ಕೊಟ್ಟರು, ಆಸೆ ಕಡಿಮೆ ಎಂದರು. ಸಾಯುವುದಾದರೆ ಮನೆಯಲ್ಲೇ ಎಂದು ಅವನೇ ಹಟ ಹಿಡಿದ. ನಾವು ಪಿಕಪ್ಪಿನಲ್ಲಿ ಮಲಗಿಸಿ ತಂದು ಮಂಚಕ್ಕೆ ಹಾಕಿದೆವು.

ಸತ್ತವರು ಮಲಗಿದ್ದ ಹಾಸಿಗೆಯನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆಯೇ ಅದೂ ಭಿಕ್ಷುಗಳ ವಿಹಾರಕ್ಕೆ, ಸುಡಲು ಹೋಗಬೇಕು. ಬೂರುಗದ ಹಾಸಿಗೆಯಾದರೆ ಯಾರೂ ಯೋಚಿಸುವುದಿಲ್ಲ. ನಾವು ಭಿಕ್ಷುಗಳಿಗೆ ಹೇಳಿ ಬರಲು ಹೋಗಿದ್ದಾಗ ಲಮೈ ಕೆಳಗೆ ಚಾಪೆ ಹಾಸಿದಳು, ಗಂಡ ಮಲಗಿದ್ದ ದುಪ್ಪಟಿಯ ತುದಿ ಹಿಡಿದು ಎಳೆದಳು. ಹಾಲಿನ ಡ್ರಮ್ಮು ಇಳಿಸಿ ಅಭ್ಯಾಸವಿದ್ದ ತೋಳು. ಅವನು ನೆಲಕ್ಕೆ ಬಂದ. ಅವನಿಗೆ ಎಚ್ಚರವಿತ್ತು.

"ಸಿಟ್ಟಾಗ್ಬೇಡ. ನೀನು ಹೇಗೂ ಹೊರಟೆ, ಇದು ಇರ್ಲಿ" ಎಂದಳಂತೆ.

ಅವನು ಹೊರಡಲಿಲ್ಲ. ಮಾರನೆಯ ದಿನ ರಕ್ತ ನಿಂತಿತು. ವಾರದೊಳಗೆ ಗಂಜಿ ಕೇಳಿದ. ಕೊಳೆತ ಪಾದವನ್ನು ಆಸ್ಪತ್ರೆಯವರು ಕತ್ತರಿಸಿದರು, ಉಳಿದ ಕ್ಲಿಯಂಗ್ ಊರುಗೋಲಿನಲ್ಲಿ ಮನೆಗೆ ಬಂದ. ಬಂದವನು ಸೀದಾ ಚಾಪೆಯ ಮೇಲೆ ಕೂತ.

ಲಮೈ ಮೇಲೆ ಬಾ ಎಂದಳು. ಅವಳಂಥವಳು ಕರೆದದ್ದೇ ಹೆಚ್ಚು.

"ಇಲ್ಲೇ ಚೆನ್ನಾಗಿದೆ. ಇನ್ನೊಂದ್ಸಲ ಇಳಿಸೋ ಕಷ್ಟ ನಿಂಗ್ಯಾಕೆ" ಎಂದ.

ಅಷ್ಟೇ. ಕೂಗಾಡಲಿಲ್ಲ, ಹೊಡೆಯಲಿಲ್ಲ. ಅವಳು ಮಲಗುವ ಹೊತ್ತಿಗೆ ಮಂಚದ ಪಕ್ಕದ ಚಾಪೆಯ ಮೇಲೆ ಅಂಗಾತ ಮಲಗಿ, ಕಣ್ಣು ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ಅವಳು ಗೋಡೆಯ ಕಡೆ ತಿರುಗಿದರೆ ಊರುಗೋಲಿನ ತುದಿಯಿಂದ ಮಂಚದ ಕಾಲನ್ನು ಮೆಲ್ಲಗೆ ತಟ್ಟುತ್ತಿದ್ದ. ಟಕ್, ಟಕ್. ಹಕ್ಕಿಯಾದರೂ ಹಾಡಿ ಸುಮ್ಮನಾಗುತ್ತಿತ್ತು. ಚಹದಂಗಡಿಯಲ್ಲಿ ಅವನು ಈ ಕತೆಯನ್ನು ನಗೆಚಾಟಿಕೆಯ ಹಾಗೆ ಹೇಳುತ್ತಿದ್ದ, ಅವಳ ದನಿಯನ್ನೇ ಅನುಕರಿಸಿ. ಜನ ಹೊಟ್ಟೆ ಹಿಡಿದು ನಕ್ಕರು. ಲಮೈ ಸಂತೆಗೆ ಬಂದರೆ ತರಕಾರಿಯವಳೂ ಬದನೆಕಾಯಿ ಎತ್ತಿಕೊಟ್ಟು, "ನೀನು ಹೇಗೂ ಹೊರಟೆ, ಇದು ಇರ್ಲಿ" ಎನ್ನುವಳು. ಊರಿಗೆಲ್ಲ ಅಡ್ಡಹೆಸರಿಟ್ಟವಳಿಗೆ ಊರು ಬಡ್ಡಿಸಮೇತ ತೀರಿಸಿತು. ನಾನೂ ನಕ್ಕಿದ್ದೇನೆ.

ಹಾಸಿಗೆ ಒಂದು ಚೂರೂ ತಗ್ಗಲಿಲ್ಲ. ತಗ್ಗಿದ್ದು ಲಮೈ. ಕಣ್ಣ ಕೆಳಗೆ ಕಪ್ಪಾಯಿತು, ಮರ ಕೆತ್ತುವ ಕೈ ತಪ್ಪಿ ತೊಗಟೆ ಗಾಯವಾಗತೊಡಗಿತು, ತೋಟದವನು ಬೈದ. ಹಾಸಿಗೆ ಮಾರಿಬಿಡು ಎಂದು ನಾನೊಮ್ಮೆ ಹೇಳಿದೆ. ಮಾರಿದರೆ ಅವನು ಗೆದ್ದ ಹಾಗೆ ಎಂದಳು. ಹೀಗೆ ಆರೇಳು ವರ್ಷ ಆ ಮನೆಯಲ್ಲಿ ಒಬ್ಬಳು ನಿದ್ದೆ ಬಾರದೆ ಮೇಲೆ, ಇನ್ನೊಬ್ಬ ನಿದ್ದೆ ಮಾಡದೆ ಕೆಳಗೆ.

ಕೊನೆಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಈಗ ಅವಳಿಗೊಂದು ಭಯ ಹಿಡಿಯಿತು. ಸಾವಿನದಲ್ಲ, ಇಳಿಸುವುದರದ್ದು. ದುಪ್ಪಟಿಯ ಎರಡು ಮೂಲೆಗಳನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದಳು. ಗಂಜಿ ಕುಡಿಯಲು ಒಂದು ಕೈ ಬಿಡಬೇಕಾದರೂ ಮೊದಲು ಕ್ಲಿಯಂಗ್ ಎಲ್ಲಿದ್ದಾನೆಂದು ನೋಡುವಳು. ಮಗಳು ದಾವ್ ಬಂದಳು. ಅಳುತ್ತಲೇ ಹಾಸಿಗೆಯ ಅಂಚನ್ನು ಒತ್ತಿ ನೋಡಿದಳು, ಪೇಟೆಯಲ್ಲಿದ್ದ ತನ್ನ ಗಂಡನಿಗೆ ಸೊಂಟ ಸರಿಯಿರಲಿಲ್ಲ.

ಉಸಿರು ಮೇಲೆ ಕೆಳಗೆ ಆಗತೊಡಗಿದ ಮಧ್ಯಾಹ್ನ ನಾನೂ ಅಲ್ಲಿದ್ದೆ. ದಾವ್ ಚಾಪೆ ಹಾಸಿ, ಅಮ್ಮನ ಕಾಲು ಹಿಡಿದು, ಅಪ್ಪನ ಮುಖ ನೋಡಿದಳು. "ಅಪ್ಪಾ, ಹೊತ್ತಾಯ್ತು. ಇಳಿಸೋಣ್ವಾ?"

ಲಮೈಯ ಗೆಣ್ಣುಗಳು ಬೆಳ್ಳಗಾದವು.

"ಕೈ ತೆಗಿ" ಎಂದ ಕ್ಲಿಯಂಗ್. "ಅವಳದ್ದು. ಅವಳು ಅಲ್ಲೇ ಸಾಯ್ಲಿ."

ದಾವ್ ಗೊಣಗುತ್ತ ಹೊರಗೆ ಹೋದಳು. ಲಮೈಯ ಮುಷ್ಟಿ ಸಡಿಲವಾಯಿತು. ಆ ಹೊತ್ತಿಗೆ ಅವಳು ಗಂಡನನ್ನು ನೋಡಿದ ರೀತಿಯನ್ನು ನಾನು ಮೊದಲೆಂದೂ ಕಂಡಿರಲಿಲ್ಲ. ಅವನು ಊರುಗೋಲು ಊರಿ ಎದ್ದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಹಾಸಿಗೆಯ ಮೇಲೆ ಕೂತ. ಅವಳ ಕಿವಿಗೆ ಬಾಗಿದ.

"ಆರಾಮಾಗಿ ಮಲ್ಕೋ. ನೀನು ಹೋದ ತಕ್ಷಣ ಇದನ್ನ ವಿಹಾರದ ನಾಯಿಗಳಿಗೆ ಹಾಸ್ತೀನಿ."

ಅವಳು ತುಂಬ ಹೊತ್ತು ಉಸಿರು ಹುಡುಕಿದಳು.

"ಹಾಸು" ಎಂದಳು. "ಅವಕ್ಕೆ ನಿದ್ದೆ ಬರುತ್ತೆ. ನಿಂಗೆ ಬರಲ್ಲ."

ಸಂಜೆಯೊಳಗೆ ತೀರಿಕೊಂಡಳು, ಹಾಸಿಗೆಯ ಮೇಲೆಯೇ.

ಚಿತಾಗಾರದಲ್ಲಿ ಅವಳು ಬೇಗ ಬೂದಿಯಾದಳು. ಹಾಸಿಗೆಯನ್ನು ಸುಡಲು ಹಿರಿಯ ಭಿಕ್ಷು ಒಪ್ಪಲಿಲ್ಲ. ರಬ್ಬರಿನ ಕರಿಹೊಗೆ ಊರನ್ನೆಲ್ಲ ಮುತ್ತುತ್ತದೆ, ಹಿಂದಿನ ಮರದಡಿ ಹಾಕಿ ಎಂದರು. ಕ್ಲಿಯಂಗನಿಗೆ ಬೇಕಾಗಿದ್ದದ್ದೂ ಅದೇ. ನಾಯಿಗಳು ಅದೇ ದಿನ ಬಂದು ಮೂಸಿದವು, ಒಂದು ಸುತ್ತು ತಿರುಗಿ ಬಿದ್ದುಕೊಂಡವು.

ಈಗ ಬಿಸಿಲು ಬಿದ್ದ ಕಡೆ ಹಾಸಿಗೆ ಹಳದಿಯಾಗಿ ಉದುರುತ್ತಿದೆ, ನೆರಳಿನ ಕಡೆ ಇನ್ನೂ ಗಟ್ಟಿಯಾಗಿದೆ. ನಾಯಿಗಳು ನೆರಳಿನ ಕಡೆಯಲ್ಲಿ ಒಂದರ ಮೇಲೊಂದು ಮಲಗಿ ಗೊರಕೆ ಹೊಡೆಯುತ್ತವೆ. ಕ್ಲಿಯಂಗ್ ದಿನಾ ಮಧ್ಯಾಹ್ನ, ಕೆಂಗಣ್ಣು ಬಿಟ್ಟುಕೊಂಡು, ಒಂದೂವರೆ ಕಾಲಿನಲ್ಲಿ ಅಲ್ಲಿಗೆ ಕುಂಟುತ್ತ ಹೋಗಿ ಊರುಗೋಲಿನಿಂದ ಅವುಗಳನ್ನು ತಿವಿದು ಎಬ್ಬಿಸುತ್ತಾನೆ. ಅವು ಕುಂಯ್ ಎಂದು ಎದ್ದು ಅತ್ತ ಓಡುತ್ತವೆ. ಅವನು ವಿಹಾರದ ಗೇಟು ದಾಟುವ ಮೊದಲೇ ವಾಪಸು ಬಂದು ಮಲಗಿರುತ್ತವೆ.