ಉಪಸಂಹಾರಕ್ಕೆ ಉಳಿದ ಕೋಟು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರಕ್ಕೇ ಕಟಿಂಗ್ ಮಾಸ್ಟರ್. ಎಂಥ ಮೈಗೂ ಬಟ್ಟೆ ಕತ್ತರಿಸಬಲ್ಲ. ಆದರೆ ಹತ್ತನೇ ತರಗತಿಯ ಭಾಷಾ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಎರಡು ಸಲವೂ ನಾಲ್ಕೇ ಅಂಕ ಕಡಿಮೆ, ಎರಡು ಸಲವೂ ಪ್ರಬಂಧದ ಪುಟ ಖಾಲಿ. ಹೊಲಿಗೆ ತರಬೇತಿ ಕೇಂದ್ರದವರು ಅವನಿಗೆಂದು ಕಲಿಸುವ ಕೆಲಸವೊಂದನ್ನು ತೆಗೆದಿಟ್ಟಿದ್ದರು. ಈ ಸಲವೂ ಪಾಸಾಗದಿದ್ದರೆ ಅದು ಬೇರೆಯವರ ಪಾಲು.

ಪುಟ ಖಾಲಿ ಬಿಟ್ಟದ್ದು ಸೋಮಾರಿತನದಿಂದಲ್ಲ. ಬಟ್ಟೆಗೆ ಕತ್ತರಿ ಹಾಕಿದ ಮೇಲೆ ತಿದ್ದಲು ಬರುವುದಿಲ್ಲ; ಇಡೀ ಉಡುಪು ಕಣ್ಣಿಗೆ ಕಟ್ಟಿದ ಮೇಲೆಯೇ ಕೈ ಹಾಕಬೇಕು. ಅಪ್ಪ ಕಲಿಸಿದ್ದು ಹಾಗೆ. ಪರೀಕ್ಷೆಯಲ್ಲೂ ಅವನು ಪ್ರಬಂಧವೆಲ್ಲ ತಲೆಯಲ್ಲಿ ಮೂಡಲಿ ಎಂದು ಪೆನ್ನಿನ ಮುಚ್ಚಳ ತೆಗೆಯದೆ ಕೂತಿದ್ದ. ಕೊನೆಗೆ ಗಂಟೆ ಹೊಡೆಯಿತು.

ಈ ಸಲ ಅವನು ಸೇರಿದ್ದ ಸಂಜೆ ಶಾಲೆಯ ಮೇಡಂ, ನಿವೃತ್ತರಾದರೂ ಸೀಮೆಸುಣ್ಣ ಬಿಡದವರು, ಹಲಗೆಯ ಮೇಲೆ ಬರೆದರು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ.

"ಮೊದಲು ಏನೇನು ಹೇಳ್ಬೇಕು ಅಂತ ಪಟ್ಟಿ ಮಾಡು. ಆಮೇಲೆ ಕರಡು. ಅದನ್ನ ತಿದ್ದಿ ಶುದ್ಧ ಪ್ರತಿ."

"ತಪ್ಪಾದ್ರೆ, ಮೇಡಂ?"

"ಹೊಡೆದು ಹಾಕು. ಕಾಗದ ತಾನೆ, ಗಿರಾಕಿ ಬಟ್ಟೆ ಅಲ್ವಲ್ಲ. ನಿಮ್ಮಲ್ಲಿ ಟ್ರಯಲ್‌ಗೆ ಮುಂಚೆ ಏನು ಮಾಡ್ತೀರಿ?"

"ಕಚ್ಚಾ ಹೊಲಿಗೆ. ಉದ್ದುದ್ದ ಬಿಳಿ ದಾರ. ಸರಿ ಇಲ್ಲ ಅಂದ್ರೆ ಎಳೆದು ಬಿಚ್ಚೋದು."

"ಹಾಂ. ಕರಡೂ ಅಷ್ಟೇ."

ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ ಇಷ್ಟು ವರ್ಷ ತಲೆಗೆ ಹೋಗಲಿಲ್ಲವಲ್ಲ, ಒಮ್ಮೆ ಈ ತಲೆಯ ಅಳತೆಯನ್ನೇ ತೆಗೆದು ನೋಡಬೇಕು ಎಂದುಕೊಂಡ.

ಅಭ್ಯಾಸಕ್ಕೆ ಕೊಟ್ಟ ವಿಷಯ 'ನನಗೆ ದಾರಿ ತೋರಿದವರು'. ಅವನು ಅಪ್ಪನ ಬಗ್ಗೆ ಬರೆದ. 'ಈ ಜಗತ್ತಿನಲ್ಲಿ ಮಹನೀಯರು ಅನೇಕರಿದ್ದಾರೆ' ಎಂಬ ಮೊದಲ ಸಾಲಿಗೆ ಮೇಡಂ ಅಡ್ಡಗೆರೆ ಎಳೆದರು.

"ಇದನ್ನ ಯಾರಪ್ಪನ ಬಗ್ಗೆ ಬೇಕಾದ್ರೂ ಬರೀಬಹುದು. ನಿಮ್ಮಪ್ಪ ಎಲ್ಲಿ?"

ಹುಡುಕುತ್ತ ಅವರ ಬೆರಳು ಎರಡನೇ ಪುಟದಲ್ಲಿ ನಿಂತಿತು: 'ಕತ್ತರಿ ಹಿಡಿಯುವ ಮುನ್ನ ಅಪ್ಪ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು.'

"ಇದು ನಿನ್ನ ಪೀಠಿಕೆ."

ಮೂರು ಕರಡಾದವು. ಉಪಸಂಹಾರ ಮಾತ್ರ ಬರಲಿಲ್ಲ. ಯಾಕೆಂದು ಮೇಡಂ ಕೇಳಿದಾಗ ಅವನು ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ:

"ಎರಡು ವರ್ಷದ ಹಿಂದೆ ಅಪ್ಪ ನನಗೆ ಅಂತ ಒಂದು ಕೋಟಿಗೆ ಕಚ್ಚಾ ಹೊಲಿಗೆ ಹಾಕಿದ್ರು. ಹಾಕ್ಕೊಂಡು ನೋಡೋ ಅಂದ್ರು. ನಾಳೆ ನೋಡೋಣ ಅಂದೆ. ಮಾರನೇ ದಿನ ಅವರಿರಲಿಲ್ಲ. ಕೋಟು ಹಾಗೇ ಗೂಟದಲ್ಲಿದೆ."

ಮೇಡಂ ಕರಡನ್ನು ಮಡಿಸಿ ಅವನ ಕೈಗಿಟ್ಟರು. "ಹೋಗಿ ಹಾಕ್ಕೊಂಡು ನೋಡು. ಆಮೇಲೆ ಬರಿ."

ಭಾನುವಾರ ಬೆಳಿಗ್ಗೆ ಧೂಳು ಕೊಡವಿ ಹಾಕಿಕೊಂಡ. ಹೆಗಲು ಅಚ್ಚುಕಟ್ಟಾಗಿ ಕೂತಿತು. ತೋಳು ಮಾತ್ರ ಒಂದು ಬೆರಳಗಲ ಹೆಚ್ಚು ಉದ್ದ. ಅಪ್ಪನ ಕೈ ತಪ್ಪಿತೆ ಎಂದು ಅವನು ಕನ್ನಡಿ ಮುಂದೆ ನಿಂತೇ ಇದ್ದ.

"ಬೇಕಂತಲೇ ಬಿಟ್ಟಿದ್ರು ಕಣೋ," ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. "ಹುಡುಗ ಇನ್ನೂ ಬೆಳೀತಾನೆ ಅಂತಿದ್ರು."

"ಇಪ್ಪತ್ನಾಲ್ಕಕ್ಕೆ ಯಾರಮ್ಮ ಬೆಳೀತಾರೆ?"

"ನಾನೂ ಅದನ್ನೇ ಕೇಳ್ದೆ." ತೋಳಿನ ಅಂಚನ್ನು ಒಮ್ಮೆ ಮಡಿಸಿ ನೋಡಿ, ಮತ್ತೆ ಬಿಚ್ಚಿ ಅವಳು ಒಳಗೆ ಹೋದಳು.

ಪರೀಕ್ಷೆಯಲ್ಲಿ ಕೊಟ್ಟಿದ್ದ ಮೂರು ವಿಷಯಗಳಲ್ಲಿ ಒಂದು, 'ನಿಮ್ಮ ಮೇಲೆ ಪ್ರಭಾವ ಬೀರಿದ ವ್ಯಕ್ತಿ'. ಅವನು ಮೊದಲು ಪೆನ್ನಿನ ಮುಚ್ಚಳ ತೆಗೆದ. ಕೊನೆಯ ಪುಟದಲ್ಲಿ ಪಟ್ಟಿ ಮಾಡಿದ, ಎರಡು ಸಾಲು ಹೊಡೆದು ಹಾಕಿದ, ಅಂಗೈ ಒರೆಸಿಕೊಂಡು ಶುರು ಮಾಡಿದ. ಅಪ್ಪ ಬೆರಳಗಲ ಹೆಚ್ಚು ಬಿಟ್ಟಿದ್ದ ತೋಳಿನ ಮಾತಿನೊಂದಿಗೆ ಪ್ರಬಂಧ ಮುಗಿದಾಗ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

ಪ್ರಬಂಧಕ್ಕೆ ಹತ್ತಕ್ಕೆ ಆರು ಬಂತು, ಪಾಸಾದ.

"ನಾನಾಗಿದ್ರೆ ಏಳು ಕೊಡ್ತಿದ್ದೆ," ಎಂದರು ಮೇಡಂ.

"ಎಂಟು ಕೊಡ್ಬಾರದಾ ಮೇಡಂ?"

"ನಿನ್ನ ಅಕ್ಷರ ನೋಡಿದ್ದೀಯಾ?"

ತರಬೇತಿ ಕೇಂದ್ರಕ್ಕೆ ಸೇರುವ ಹಿಂದಿನ ದಿನ ಬಿಳಿ ದಾರಗಳನ್ನು ಒಂದೊಂದಾಗಿ ಎಳೆದು, ಅಪ್ಪನ ಮೆಷಿನ್ನಿನಲ್ಲೇ ಕೋಟು ಹೊಲಿದು ಮುಗಿಸಿದ. ತೋಳಿಗೆ ಮಾತ್ರ ಕತ್ತರಿ ಹಾಕಲಿಲ್ಲ. ಹೆಚ್ಚಿದ್ದ ಬೆರಳಗಲವನ್ನು ಒಳಕ್ಕೆ ಮಡಿಸಿ, ಬೇಕಾದಾಗ ಬಿಚ್ಚಲು ಬರುವಂತೆ ಕೈಹೊಲಿಗೆ ಹಾಕಿದ.